ಬಾಟಾ ಕಾರ್ಖಾನೆಯ ಹುಡುಗ: ಎಮಿಲ್ ಝಾಟೊಪೆಕ್



ಕಳೆದ ಭಾನುವಾರ ನಮ್ಮ ಸಂಘದ ಹತ್ತು ಹನ್ನೆರಡು ಹುಡುಗ ಹುಡುಗಿಯರು ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಸೈಕಲ್ ತುಳಿದುಕೊಂಡು ಹೋಗಿ, ಮಧ್ಯಾಹ್ನದ ಬಿಸಿಲೇರುವ ಮೊದಲೇ ಮರಳಿ ಬಂದರು. ಹೋಗಿ ಬರುವುದೆಂದರೆ ಎಂಬತ್ತು ಕಿಲೋಮೀಟರ್ ಹತ್ತಿರ. ಬಂದವರು ಸಂಘದ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತ ಹರಟೆಗೆ ಇಳಿದರು. ಯಾವ ಬೂಟು ಒಳ್ಳೆಯದು, ಯಾವ ಕೈಗಡಿಯಾರ ಎದೆಬಡಿತವನ್ನು ಸರಿಯಾಗಿ ಎಣಿಸುತ್ತದೆ, ಮುಂದಿನ ಚಳಿಗಾಲದಲ್ಲಿ ಇಪ್ಪತ್ತೊಂದು ಕಿಲೋಮೀಟರ್ ಓಟಕ್ಕೆ ಯಾರು ಯಾರು ಹೆಸರು ಕೊಡುತ್ತಾರೆ, ಇದೇ ಮಾತು. ನಡುವೆ ಒಬ್ಬ ಹುಡುಗ, ದೂರದ ಓಟದಲ್ಲಿ ಇದುವರೆಗಿನ ಎಲ್ಲರಿಗಿಂತ ದೊಡ್ಡವರು ಯಾರು ಎಂದು ಕೇಳಿದ. ನಾವು ಎಮಿಲ್ ಝಾಟೊಪೆಕ್ ಎಂದೆವು. ಆ ಹೆಸರನ್ನು ಅಲ್ಲಿದ್ದವರಲ್ಲಿ ಒಬ್ಬರೂ ಕೇಳಿರಲಿಲ್ಲ. ನಮ್ಮ ವಯಸ್ಸಿನವರು ಶಾಲೆಯಲ್ಲಿದ್ದಾಗ ಡ್ರಿಲ್ ಮಾಸ್ತರರ ಬಾಯಲ್ಲಿ ಕೇಳಿ ಕೇಳಿ ಬಾಯಿಪಾಠವಾಗಿದ್ದ ಹೆಸರದು. ಆದ್ದರಿಂದ ಈ ಸಲದ ಸಂಚಿಕೆಗೆ ಅವರ ಬದುಕಿನ ಕತೆಯನ್ನೇ ಬರೆಯೋಣ ಎಂದುಕೊಂಡೆವು.

ಎಮಿಲ್ ಹುಟ್ಟಿದ್ದು 1922ರ ಸೆಪ್ಟೆಂಬರ್ 19ರಂದು, ಆಗಿನ ಝೆಕೊಸ್ಲೊವಾಕಿಯಾದ ಮೊರಾವಿಯಾ ಸೀಮೆಯ ಕೊಪ್ರಿವ್ನಿತ್ಸೆ ಎಂಬ ಊರಿನಲ್ಲಿ. ಅದು ಟಾಟ್ರಾ ಎಂಬ ಮೋಟಾರು ಕಾರ್ಖಾನೆಯ ಊರು. ತಂದೆ ಆ ಕಾರ್ಖಾನೆಯಲ್ಲೇ ಬಡಗಿ. ಮನೆ ತುಂಬ ಮಕ್ಕಳು, ಕೈಯಲ್ಲಿ ದುಡ್ಡಿಲ್ಲ. ಓದಿಸುವುದು ದೂರದ ಮಾತಾಗಿದ್ದರಿಂದ ಹದಿನೈದು ಹದಿನಾರರ ಹುಡುಗನನ್ನು ಝ್ಲಿನ್ ಪಟ್ಟಣದ ಜೋಡು ಕಾರ್ಖಾನೆಗೆ ಕಳಿಸಿದರು. ಹಗಲು ಕೆಲಸ, ಸಂಜೆ ಕಾರ್ಖಾನೆಯದೇ ಶಾಲೆ, ರಾತ್ರಿ ಕಾರ್ಖಾನೆಯದೇ ವಸತಿಗೃಹ.

ಆ ಕಾರ್ಖಾನೆ ಯಾವುದು ಎಂದರೆ ನಮ್ಮ ಹುಡುಗರಿಗೆ ಆಶ್ಚರ್ಯವಾಗಬಹುದು. ಬಾಟಾ. ನಮ್ಮ ಮನೆಮನೆಯ ಹೊಸ್ತಿಲ ಬಳಿ ಇರುವ ಬಾಟಾ ಚಪ್ಪಲಿಯ ಮೂಲ ಊರೇ ಝ್ಲಿನ್. 1894ರಲ್ಲಿ ಅಲ್ಲಿ ಹುಟ್ಟಿದ ಆ ಕಂಪನಿ 1930ರ ದಶಕದಲ್ಲಿ ಕಲ್ಕತ್ತೆಯ ಹತ್ತಿರ ಬಾಟಾನಗರವನ್ನು ಕಟ್ಟಿತು. ಕಂಪನಿ ಈ ದೇಶದ್ದೇ ಎಂದು ಅರ್ಧ ಊರು ಇವತ್ತಿಗೂ ತಿಳಿದಿದೆ. ಗಿರಣಿಯ ಭೋಂಗಾ ಕೇಳಿ ಬೆಳೆದ ನಮ್ಮ ಸೊಲ್ಲಾಪುರದ ಹಿರಿಯರಿಗೆ ಝ್ಲಿನ್ ಹೇಗಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ. ಇಡೀ ಊರೇ ಒಂದು ಕಂಪನಿಯ ಹೊತ್ತಿಗೆ ಏಳುತ್ತಿತ್ತು, ಆ ಹೊತ್ತಿಗೇ ಮಲಗುತ್ತಿತ್ತು. ಸಾಲಿನಲ್ಲಿ ನಿಂತು ಒಂದೇ ಕೆಲಸವನ್ನು ದಿನವಿಡೀ ಮಾಡಬೇಕು, ಕೈ ನಿಧಾನವಾದರೆ ಕೂಲಿಯಲ್ಲಿ ಕಡಿತ. ಹುಡುಗನಿಗೆ ಆ ಕೆಲಸ ಸೇರಲೇ ಇಲ್ಲ.

ಓಟವೂ ಸೇರಿರಲಿಲ್ಲ ಎಂಬುದು ಈ ಕತೆಯಲ್ಲಿ ನಮಗೆ ಬಹಳ ಹಿಡಿಸುವ ಸಂಗತಿ. ಕಂಪನಿ ವರ್ಷಕ್ಕೊಮ್ಮೆ ಊರಿನ ಬೀದಿಗಳಲ್ಲಿ ಓಟದ ಸ್ಪರ್ಧೆ ನಡೆಸುತ್ತಿತ್ತು. 1941ರಲ್ಲಿ, ದೇಶ ಹಿಟ್ಲರನ ಸೈನ್ಯದ ಕೈಯಲ್ಲಿದ್ದ ದಿನಗಳವು, ಮೇಲಿನವರು ಕೆಲವು ಹುಡುಗರತ್ತ ಬೆರಳು ತೋರಿಸಿ ಓಡಲೇಬೇಕೆಂದರು. ಎಮಿಲ್ ಮೈ ಹುಷಾರಿಲ್ಲ, ಕಾಲು ನೋವು ಎಂದು ನೆವ ಹೇಳಿ ತಪ್ಪಿಸಿಕೊಳ್ಳಲು ನೋಡಿದ. ವೈದ್ಯರು ಪರೀಕ್ಷಿಸಿ ಗಟ್ಟಿಯಾಗಿದ್ದಾನೆ ಎಂದುಬಿಟ್ಟರು. ಬೇರೆ ದಾರಿ ಇಲ್ಲದೆ ಓಡಿದ. ಸುಮಾರು ನೂರು ಜನರಲ್ಲಿ ಎರಡನೆಯವನಾಗಿ ಬಂದ. ಮನಸ್ಸಿಲ್ಲದೆ ಓಡಿ ಎರಡನೆಯ ಸ್ಥಾನ ಬಂದರೆ, ಮನಸ್ಸಿಟ್ಟು ಓಡಿದರೆ ಏನಾದೀತು ಎಂಬ ಹುಳು ಅಂದು ತಲೆಯೊಳಗೆ ಹೊಕ್ಕಿತು. ಮತ್ತೆ ಹೊರಗೆ ಬರಲಿಲ್ಲ.

ಝ್ಲಿನ್‌ನಲ್ಲಿ ಯಾನ್ ಹಾಲುಝಾ ಎಂಬ ಒಳ್ಳೆಯ ಓಟಗಾರರಿದ್ದರು. ಕಾನೂನು ಓದಿದವರು. ಅವರೇ ಎಮಿಲ್‌ಗೆ ಮೊದಲ ಗುರು. ಕಾಲು ಹೇಗೆ ಇಡಬೇಕು, ಉಸಿರು ಹೇಗೆ ಹಿಡಿಯಬೇಕು, ತಾಲೀಮು ಎಂದರೆ ಏನು ಎಂಬ ಅಕ್ಷರಾಭ್ಯಾಸ ಮಾಡಿಸಿದವರು ಅವರು. ಈ ಹೆಸರನ್ನು ದಯವಿಟ್ಟು ನೆನಪಿನಲ್ಲಿ ಇಟ್ಟುಕೊಳ್ಳಿ, ಕೊನೆಗೆ ಮತ್ತೆ ಬರುತ್ತದೆ. 1944ರ ಹೊತ್ತಿಗೆ ಶಿಷ್ಯ 2000, 3000 ಮತ್ತು 5000 ಮೀಟರ್ ಓಟಗಳಲ್ಲಿ ದೇಶದ ದಾಖಲೆಗಳನ್ನು ಮುರಿದಿದ್ದ. ಯುದ್ಧ ಮುಗಿದ ಮೇಲೆ ಜೋಡು ಕಾರ್ಖಾನೆಯನ್ನು ಬಿಟ್ಟು ಸೈನ್ಯಕ್ಕೆ ಸೇರಿದ.

ಇಲ್ಲಿಂದ ಮುಂದೆ ಎಮಿಲ್ ಅವರನ್ನು ಬಹುವಚನದಲ್ಲೇ ಕರೆಯಬೇಕು. ಏಕೆಂದರೆ ಸೈನ್ಯದ ಆ ದಿನಗಳಲ್ಲಿ ಅವರು ಜಗತ್ತಿನ ಓಟಗಾರರಿಗೇ ಹೊಸ ಪಾಠ ಹೇಳತೊಡಗಿದರು.

ಅಲ್ಲಿಯವರೆಗೆ ದೂರದ ಓಟಗಾರರಲ್ಲಿ ಹೆಚ್ಚಿನವರು ಅಭ್ಯಾಸಕ್ಕೆ ದೂರವನ್ನೇ ಒಂದೇ ಸಮನೆ ಓಡುತ್ತಿದ್ದರು. ನಡುನಡುವೆ ಬಿಡುವು ಕೊಟ್ಟು ವೇಗವಾಗಿ ಓಡುವ ಪದ್ಧತಿ ಜರ್ಮನಿ, ಫಿನ್‌ಲ್ಯಾಂಡ್‌ಗಳಲ್ಲಿ ಮೊದಲೇ ಇತ್ತು, ಎಮಿಲ್ ಅದನ್ನು ಕಂಡುಹಿಡಿಯಲಿಲ್ಲ. ಆದರೆ ಅದನ್ನು ಅವರು ಒಯ್ದ ಮಟ್ಟಕ್ಕೆ ಬೇರೆ ಯಾರೂ ಒಯ್ದಿರಲಿಲ್ಲ. ಲೆಕ್ಕ ಸರಳ. ಮೈದಾನದ ಒಂದು ಸುತ್ತು 400 ಮೀಟರ್. ಅದನ್ನು ಜೋರಾಗಿ ಓಡುವುದು. ಆಮೇಲೆ 200 ಮೀಟರ್ ಮೆಲ್ಲಗೆ, ನಿಲ್ಲದೆ. ಮತ್ತೆ ಜೋರು, ಮತ್ತೆ ಮೆಲ್ಲಗೆ. ಎದೆಬಡಿತ ಪೂರ್ತಿ ಇಳಿಯುವ ಮುಂಚೆಯೇ ಮತ್ತೆ ಏರಿಸುವುದು. ಹೀಗೆ ಮಾಡಿದರೆ ದಣಿದ ಕಾಲುಗಳಿಗೂ ವೇಗದ ಅಭ್ಯಾಸವಾಗುತ್ತದೆ, ಹೃದಯವೂ ಬೇಗ ಸುಧಾರಿಸಿಕೊಳ್ಳುವುದನ್ನು ಕಲಿಯುತ್ತದೆ. ನಮ್ಮ ತಾಲೀಮಿನಲ್ಲಿ ಪೈಲ್ವಾನರು ದಂಡ ಬೈಠಕ್ ಎಣಿಸುವ ಹಾಗೆ ಅವರು ಸುತ್ತುಗಳನ್ನು ಎಣಿಸಿದರು. ಇಪ್ಪತ್ತು ನಲವತ್ತಾಯಿತು, ನಲವತ್ತು ಅರವತ್ತಾಯಿತು. ಮುಂದೊಂದು ಕಾಲಕ್ಕೆ ಬೆಳಿಗ್ಗೆ ಐವತ್ತು, ಸಂಜೆ ಐವತ್ತು, ಹೀಗೆ ದಿನಕ್ಕೆ 400 ಮೀಟರಿನ ನೂರು ಸುತ್ತು ಓಡುತ್ತಿದ್ದರೆಂದು ಬಲ್ಲವರು ಬರೆದಿದ್ದಾರೆ. ಅಂದರೆ ಜೋರು ಓಟವೇ ನಲವತ್ತು ಕಿಲೋಮೀಟರ್, ಮೆಲ್ಲಗಿನದು ಬೇರೆ.

ಅದೂ ಸೈನ್ಯದ ಡ್ಯೂಟಿ ಮುಗಿದ ಮೇಲೆ, ಕಾಡಿನ ದಾರಿಯಲ್ಲಿ, ಎಷ್ಟೋ ಸಲ ಸೈನಿಕರ ಭಾರದ ಬೂಟು ಹಾಕಿಕೊಂಡೇ. ಹಿಮ ಬಿದ್ದರೂ ಬಿಡುವಿಲ್ಲ. ಕಾವಲಿಗೆ ನಿಲ್ಲಿಸಿದರೆ ನಿಂತಲ್ಲೇ ಕಾಲು ಕುಣಿಸುತ್ತಿದ್ದರಂತೆ. ಮನೆಯ ಬಟ್ಟೆ ಒಗೆಯುವ ಪಾಳಿ ಬಂದಾಗ ಬಟ್ಟೆಗಳನ್ನು ತೊಟ್ಟಿಯಲ್ಲಿ ನೆನೆಹಾಕಿ, ಅವುಗಳ ಮೇಲೆ ನಿಂತು ಓಡಿ ಓಡಿಯೇ ಒಗೆದರಂತೆ. ಸಾಲುಮರಗಳ ದಾರಿಯಲ್ಲಿ ಇಂದು ಈ ಮರದ ತನಕ, ನಾಳೆ ಮುಂದಿನ ಮರದ ತನಕ ಉಸಿರು ಬಿಗಿಹಿಡಿದು ನಡೆದು, ಒಂದು ದಿನ ಎಚ್ಚರ ತಪ್ಪಿ ಬಿದ್ದರಂತೆ. ಇವುಗಳಲ್ಲಿ ಹೇಳುವವರು ಉಪ್ಪು ಖಾರ ಎಷ್ಟು ಸೇರಿಸಿದ್ದಾರೋ, ಆ ಪ್ರಮಾಣ ತೂಗುವ ತಕ್ಕಡಿ ನಮ್ಮಲ್ಲಿಲ್ಲ. ಅವರ ಓಟದ ಕಾಲಮಾನಗಳಲ್ಲಿ ಮಾತ್ರ ಉಪ್ಪು ಖಾರವಿಲ್ಲ.

ಓಡುವಾಗ ಅವರನ್ನು ನೋಡುವುದೇ ಕಷ್ಟವಾಗಿತ್ತು. ತಲೆ ಒಂದು ಕಡೆಗೆ ವಾಲಿ ತೂಗುತ್ತಿತ್ತು, ಮುಖ ಕಿವುಚಿಕೊಂಡಿರುತ್ತಿತ್ತು, ನಾಲಗೆ ಹೊರಗೆ, ಭುಜಗಳು ಕುಣಿಯುತ್ತಿದ್ದವು, ಏದುಸಿರು ದೂರಕ್ಕೆ ಕೇಳುತ್ತಿತ್ತು. ಮೊದಲ ಸಲ ಕಂಡವರು ಈ ಮನುಷ್ಯ ಮುಂದಿನ ತಿರುವಿನಲ್ಲಿ ಕುಸಿಯುತ್ತಾನೆ ಎಂದುಕೊಳ್ಳುತ್ತಿದ್ದರು. ಪತ್ರಿಕೆಯವರು ಝೆಕ್ ರೈಲು ಎಂಜಿನ್ ಎಂದು ಅಡ್ಡಹೆಸರಿಟ್ಟರು. ಓಟ ನೃತ್ಯವಲ್ಲ, ಇಲ್ಲಿ ಅಂದಕ್ಕೆ ಅಂಕ ಕೊಡುವುದಿಲ್ಲ ಎಂಬ ಅರ್ಥದಲ್ಲಿ ನಕ್ಕು ಸುಮ್ಮನಾಗುತ್ತಿದ್ದರು ಎಮಿಲ್. ಮುಖ ನೋವು ತೋರಿಸುತ್ತಿತ್ತು, ಕಾಲು ತೋರಿಸುತ್ತಿರಲಿಲ್ಲ.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಜಗತ್ತು ಅವರನ್ನು ಸರಿಯಾಗಿ ಕಂಡಿತು. 10,000 ಮೀಟರ್ ಓಟದಲ್ಲಿ ವಿಶ್ವದಾಖಲೆ ಹೊಂದಿದ್ದ ಫಿನ್‌ಲ್ಯಾಂಡಿನ ವಿಲ್ಯೋ ಹೈನೊ ಅರ್ಧದಲ್ಲೇ ಮೈದಾನ ಬಿಟ್ಟರು. ಎಮಿಲ್ 29 ನಿಮಿಷ 59.6 ಸೆಕೆಂಡುಗಳಲ್ಲಿ ಚಿನ್ನ ಗೆದ್ದರು. ಎರಡನೆಯವರಾದ ಫ್ರಾನ್ಸಿನ ಅಲೆಯ್ನ್ ಮಿಮೂನ್ ಮುಕ್ಕಾಲು ನಿಮಿಷಕ್ಕೂ ಹೆಚ್ಚು ಹಿಂದೆ. ಮೂರು ದಿನ ಬಿಟ್ಟು 5000 ಮೀಟರ್. ಮಳೆಯಲ್ಲಿ ಕೆಸರೆದ್ದ ಮೈದಾನ. ಕೊನೆಯ ಸುತ್ತಿಗೆ ಬಂದಾಗ ಬೆಲ್ಜಿಯಂನ ಗಾಸ್ಟನ್ ರೈಫ್ ಬಹಳ ಮುಂದಿದ್ದರು, ಓಟ ಮುಗಿದೇ ಹೋಯಿತೆಂದು ಎಲ್ಲರೂ ತಿಳಿದರು. ಆಗ ಎಮಿಲ್ ಹುಚ್ಚೆದ್ದವರಂತೆ ಬೆನ್ನಟ್ಟಿ 0.2 ಸೆಕೆಂಡಿನಲ್ಲಿ ಸೋತರು. ಹತ್ತು ಹೆಜ್ಜೆ ಮೊದಲು ಹೊರಟಿದ್ದರೆ ಎಂದು ಇಂದಿಗೂ ಓಟದ ಮಂದಿ ಚರ್ಚಿಸುತ್ತಾರೆ.

ಅದೇ ಲಂಡನ್ನಿನಲ್ಲಿ ಜಾವೆಲಿನ್ ಎಸೆಯಲು ಬಂದು ಏಳನೆಯವರಾದ ಡಾನಾ ಇಂಗ್ರೋವಾ ಎಂಬವರಿದ್ದರು. ಅವರು ಹುಟ್ಟಿದ್ದೂ 1922ರ ಸೆಪ್ಟೆಂಬರ್ 19ರಂದೇ. ಜಾತಕ ಕೂಡಿಸುವವರಿಗೆ ಕೆಲಸವೇ ಉಳಿಯಲಿಲ್ಲ. ಆ ವರ್ಷದ ಅಕ್ಟೋಬರಿನಲ್ಲಿ ಇಬ್ಬರ ಮದುವೆಯಾಯಿತು.

ಮುಂದಿನ ನಾಲ್ಕು ವರ್ಷಗಳಲ್ಲಿ ದಾಖಲೆಯ ಮೇಲೆ ದಾಖಲೆ. ಒಂದನ್ನು ಮಾತ್ರ ಹೇಳುತ್ತೇವೆ. 1951ರ ಸೆಪ್ಟೆಂಬರಿನಲ್ಲಿ ಸ್ಟಾರಾ ಬೊಲೆಸ್ಲಾವ್ ಎಂಬ ಊರಿನಲ್ಲಿ ಅವರು ಒಂದು ಗಂಟೆಯಲ್ಲಿ 20,052 ಮೀಟರ್ ಓಡಿದರು. ಗಂಟೆಗೆ ಇಪ್ಪತ್ತು ಕಿಲೋಮೀಟರ್ ದಾಟಿದ ಮೊದಲ ಮನುಷ್ಯ. ಭಾನುವಾರ ಅಕ್ಕಲಕೋಟೆಗೆ ಹೋಗಿ ಬಂದ ನಮ್ಮ ಹುಡುಗರಲ್ಲಿ ಗಟ್ಟಿಗರ ಸೈಕಲ್ಲಿನ ವೇಗ ಹೆಚ್ಚುಕಡಿಮೆ ಇಷ್ಟೇ. ಅವರು ಬೇಸರ ಮಾಡಿಕೊಳ್ಳಬಾರದು.

ಇನ್ನು ಹೆಲ್ಸಿಂಕಿ. 1952ರ ಬೇಸಿಗೆ. ಒಲಿಂಪಿಕ್ಸ್ ಹತ್ತಿರ ಬಂದಾಗ ಎಮಿಲ್ ಕಾಯಿಲೆ ಬಿದ್ದೆದ್ದಿದ್ದರು, ವೈದ್ಯರು ವಿಶ್ರಾಂತಿ ಹೇಳಿದ್ದರು. ಆದರೆ ಅದಕ್ಕಿಂತ ದೊಡ್ಡ ತೊಡಕು ಬೇರೆ ಇತ್ತು. 1948ರ ಫೆಬ್ರವರಿಯಿಂದ ಝೆಕೊಸ್ಲೊವಾಕಿಯಾದಲ್ಲಿ ಕಮ್ಯುನಿಸ್ಟ್ ಪಕ್ಷದ ಏಕಾಧಿಪತ್ಯ. ಎಮಿಲ್ ಆ ಪಕ್ಷದ ಸದಸ್ಯರು, ಸೈನ್ಯದ ಅಧಿಕಾರಿ, ಸರ್ಕಾರ ಹೊರಗಿನವರಿಗೆ ಎತ್ತಿ ತೋರಿಸುವ ಮುದ್ದಿನ ಮಗ. ಸರ್ಕಾರ ಹೊರಡಿಸುವ ಹೇಳಿಕೆಗಳ ಕೆಳಗೆ ಅವರ ಹೆಸರೂ ಅಚ್ಚಾಗುತ್ತಿತ್ತು. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅಂಥ ಹೊತ್ತಿನಲ್ಲಿ ಸ್ಟಾನಿಸ್ಲಾವ್ ಯುಂಗ್‌ವಿರ್ತ್ ಎಂಬ 1500 ಮೀಟರ್ ಓಟಗಾರನ ಹೆಸರನ್ನು ತಂಡದ ಪಟ್ಟಿಯಿಂದ ಹೊಡೆದುಹಾಕಿದರು. ಹುಡುಗನ ತಪ್ಪೇನೂ ಇರಲಿಲ್ಲ. ಅವನ ತಂದೆ ರಾಜಕೀಯ ಕೈದಿ, ಅಷ್ಟೇ. ಯುಂಗ್‌ವಿರ್ತ್ ಹೋಗದಿದ್ದರೆ ತಾನೂ ಹೋಗುವುದಿಲ್ಲ ಎಂದು ಎಮಿಲ್ ಪಟ್ಟು ಹಿಡಿದರು. ತಂಡದ ವಿಮಾನ ಅವರಿಬ್ಬರನ್ನು ಬಿಟ್ಟೇ ಹಾರಿತು. ಈ ಪ್ರಸಂಗವನ್ನು ಹೇಳುವವರು ಒಬ್ಬೊಬ್ಬರು ಒಂದೊಂದು ವಿವರ ಸೇರಿಸುತ್ತಾರೆ, ತಿರುಳು ಇಷ್ಟು: ಕೆಲವು ದಿನ ಎಳೆದಾಡಿ, ಕೊನೆಗೆ ಮೇಲಿನವರೇ ಮಣಿದು ಇಬ್ಬರನ್ನೂ ಕಳಿಸಿದರು. ಎಮಿಲ್ ಸೋತು ಬಂದಿದ್ದರೆ ಈ ಹಟಕ್ಕೆ ಯಾವ ಬೆಲೆ ತೆರಬೇಕಾಗುತ್ತಿತ್ತೋ ಊಹಿಸಬಹುದು. ಅದೇ ಯುಂಗ್‌ವಿರ್ತ್ ಐದು ವರ್ಷಗಳ ನಂತರ 1500 ಮೀಟರ್ ಓಟದಲ್ಲಿ ವಿಶ್ವದಾಖಲೆ ಮಾಡಿದ.

ಜುಲೈ 20, 10,000 ಮೀಟರ್. 29 ನಿಮಿಷ 17 ಸೆಕೆಂಡು, ಚಿನ್ನ. ಎರಡನೆಯವರು ಮತ್ತೆ ಮಿಮೂನ್.

ಜುಲೈ 24, 5000 ಮೀಟರ್. ಇದು ಸುಲಭದ್ದಾಗಿರಲಿಲ್ಲ. ಕೊನೆಯ ಸುತ್ತಿನ ಗಂಟೆ ಬಾರಿಸಿದಾಗ ಎಮಿಲ್ ಮುನ್ನುಗ್ಗಿದರು. ಆದರೆ ಇಂಗ್ಲೆಂಡಿನ ಚಾಟವೇ, ಜರ್ಮನಿಯ ಶಾಡೆ, ಮಿಮೂನ್ ಮೂವರೂ ಅವರನ್ನು ದಾಟಿ ಹೋದರು. ನಾಲ್ಕನೆಯ ಸ್ಥಾನ, ಅರ್ಧ ಸುತ್ತು ಬಾಕಿ. ಕೊನೆಯ ತಿರುವಿನಲ್ಲಿ ಎಮಿಲ್ ಹೊರಬದಿಯಿಂದ ಬಂದು ಮೂವರನ್ನೂ ಹಿಂದೆ ಹಾಕಿದರು. ಚಾಟವೇ ಅಂಚಿಗೆ ಕಾಲು ತಗುಲಿ ಬಿದ್ದರು. 14 ನಿಮಿಷ 6.6 ಸೆಕೆಂಡು. ಮೊದಲ ಮೂವರ ನಡುವೆ ಎರಡೇ ಸೆಕೆಂಡಿನ ಅಂತರ. ಮುಂದಿನ ಒಂದು ಗಂಟೆಯೊಳಗೆ ಅದೇ ಮೈದಾನದಲ್ಲಿ ಡಾನಾ ತಮ್ಮ ಮೊದಲ ಎಸೆತದಲ್ಲೇ ಜಾವೆಲಿನನ್ನು 50.47 ಮೀಟರ್ ದೂರಕ್ಕೆ ಕಳಿಸಿ ಚಿನ್ನ ಗೆದ್ದರು. ಒಂದೇ ಮನೆಗೆ, ಒಂದೇ ಮಧ್ಯಾಹ್ನ, ಎರಡು ಚಿನ್ನ.

(ಅದೇ ವಾರ, ಅದೇ ಹೆಲ್ಸಿಂಕಿಯಲ್ಲಿ, ಕರಾಡ ಹತ್ತಿರದ ಗೋಳೇಶ್ವರದ ಪೈಲ್ವಾನ ಖಾಶಾಬಾ ಜಾಧವ ಕುಸ್ತಿಯಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತಕ್ಕೆ ಒಬ್ಬ ವ್ಯಕ್ತಿ ತಂದುಕೊಟ್ಟ ಮೊದಲ ಒಲಿಂಪಿಕ್ ಪದಕ ಅದು. ಜತ್ತು, ಸಾಂಗ್ಲಿ, ಸೊಲ್ಲಾಪುರದ ಕಡೆಯ ನಮ್ಮ ಓದುಗರಿಗೆ ಇದನ್ನು ನೆನಪಿಸದೆ ಮುಂದೆ ಹೋಗಲು ಮನಸ್ಸಾಗಲಿಲ್ಲ. ಅವರ ಕತೆ ಇನ್ನೊಮ್ಮೆ.)

ಎರಡು ಚಿನ್ನ ಸಾಲದೆಂದು ಎಮಿಲ್ ಮ್ಯಾರಥಾನ್‌ಗೂ ಹೆಸರು ಕೊಟ್ಟರು. 42 ಕಿಲೋಮೀಟರ್ 195 ಮೀಟರ್. ಬದುಕಿನಲ್ಲಿ ಒಂದು ಸಲವೂ ಓಡಿರಲಿಲ್ಲ. ಎಷ್ಟು ವೇಗದಲ್ಲಿ ಓಡಬೇಕು ಎಂಬುದೇ ಗೊತ್ತಿರಲಿಲ್ಲ. ಅದಕ್ಕೆ ಅವರು ಕಂಡುಕೊಂಡ ಉಪಾಯ, ಗೊತ್ತಿದ್ದವರ ಬೆನ್ನು ಹಿಡಿಯುವುದು. ಇಂಗ್ಲೆಂಡಿನ ಜಿಮ್ ಪೀಟರ್ಸ್ ಆರು ವಾರಗಳ ಹಿಂದಷ್ಟೇ 2 ಗಂಟೆ 20 ನಿಮಿಷ 42 ಸೆಕೆಂಡುಗಳಲ್ಲಿ ಓಡಿ ಜಗತ್ತಿನ ಅತ್ಯುತ್ತಮ ಕಾಲ ದಾಖಲಿಸಿದ್ದರು. ಜುಲೈ 27ರಂದು ಪೀಟರ್ಸ್ ಆರಂಭದಿಂದಲೇ ಬಿರುಸಾಗಿ ಹೊರಟರು. ಎಮಿಲ್ ಮತ್ತು ಸ್ವೀಡನ್ನಿನ ಯಾನ್ಸನ್ ಹದಿನಾರು ಕಿಲೋಮೀಟರ್ ಸುಮಾರಿಗೆ ಅವರನ್ನು ಹಿಡಿದರು. ಆಗ ಎಮಿಲ್ ಸೌಜನ್ಯದಿಂದಲೇ ಪೀಟರ್ಸ್ ಅವರನ್ನು ಮಾತಾಡಿಸಿ, ಈ ವೇಗ ಜಾಸ್ತಿಯಾಯಿತೇ ಎಂದು ವಿಚಾರಿಸಿದರು. ಒಳಗೊಳಗೇ ಸುಸ್ತಾಗಿದ್ದ ಪೀಟರ್ಸ್ ಎದುರಾಳಿಯನ್ನು ಕಂಗೆಡಿಸಲೆಂದು, ಇಲ್ಲ, ತೀರ ನಿಧಾನವಾಯಿತು ಎಂದುಬಿಟ್ಟರು. ಎಮಿಲ್ ಅದನ್ನು ನಿಜವೆಂದು ನಂಬಿ ವೇಗ ಹೆಚ್ಚಿಸಿ ಮುಂದೆ ಹೋದರು. ಪೀಟರ್ಸ್ ಮೂವತ್ತು ಕಿಲೋಮೀಟರ್ ದಾಟಿದ ಮೇಲೆ ಕಾಲು ಸೆಳೆತ ಬಂದು ಕುಳಿತುಬಿಟ್ಟರು.

ಉಳಿದ ದಾರಿಯುದ್ದಕ್ಕೂ ಎಮಿಲ್ ಒಬ್ಬರೇ. ದಾರಿ ಬದಿಯ ಪೊಲೀಸರನ್ನು, ಪತ್ರಿಕೆಯ ಛಾಯಾಗ್ರಾಹಕರನ್ನು ಮಾತಾಡಿಸುತ್ತ ಓಡಿದರಂತೆ. ಆದರೆ ಕೊನೆಯ ಹತ್ತು ಕಿಲೋಮೀಟರ್ ಮಾತಿನ ಹೊತ್ತಲ್ಲ. ಶ್ರೀಶೈಲಕ್ಕೆ ನಡೆದು ಹೋಗಿ ಬಂದ ನಮ್ಮೂರ ಹಿರಿಯರನ್ನು ಕೇಳಿದರೆ ಗೊತ್ತಾಗುತ್ತದೆ, ಪಾದದ ಬೊಬ್ಬೆಯೊಡನೆ ಒಂದು ಹಂತದ ನಂತರ ಯಾರೂ ಜಗಳವಾಡುವುದಿಲ್ಲ, ಜೊತೆಗೆ ಕರೆದುಕೊಂಡೇ ನಡೆಯುತ್ತಾರೆ. ಕ್ರೀಡಾಂಗಣದೊಳಗೆ ಎಮಿಲ್ ಬಂದಾಗ ಇಡೀ ಜನಸ್ತೋಮ ಎದ್ದು ನಿಂತು ಅವರ ಹೆಸರು ಕೂಗಿತು. 2 ಗಂಟೆ 23 ನಿಮಿಷ 3 ಸೆಕೆಂಡು, ಒಲಿಂಪಿಕ್ ದಾಖಲೆ. ಜಮೈಕಾದ ರಿಲೇ ತಂಡದ ಹುಡುಗರು ಅವರನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಎರಡನೆಯವರಾದ ಅರ್ಜೆಂಟೀನಾದ ಗೊರ್ನೊ ಎರಡೂವರೆ ನಿಮಿಷ ಬಿಟ್ಟು ಗುರಿ ಮುಟ್ಟುವಾಗ, ಗೆದ್ದವರು ಕಿತ್ತಳೆ ಹಣ್ಣಿನ ಹೋಳು ಹಿಡಿದುಕೊಂಡು ಅವರಿಗಾಗಿ ಕಾಯುತ್ತಿದ್ದರು. ಆ ಓಟದ ನಂತರ ಒಂದು ವಾರ ತನಗೆ ನೆಟ್ಟಗೆ ನಡೆಯಲೂ ಆಗಲಿಲ್ಲವೆಂದು ಅವರೇ ಆಮೇಲೆ ಹೇಳಿಕೊಂಡಿದ್ದಾರೆ.

5000, 10,000, ಮ್ಯಾರಥಾನ್. ಒಂದೇ ಒಲಿಂಪಿಕ್ಸ್‌ನಲ್ಲಿ ಈ ಮೂರನ್ನೂ ಗೆದ್ದವರು ಅವರಿಗಿಂತ ಮುಂಚೆ ಇರಲಿಲ್ಲ. ಇವತ್ತಿನವರೆಗೂ ಇನ್ನೊಬ್ಬರು ಬಂದಿಲ್ಲ.

1954ರಲ್ಲಿ ಮೂರು ದಿನಗಳೊಳಗೆ 5000 ಮತ್ತು 10,000 ಮೀಟರ್ ಎರಡರಲ್ಲೂ ವಿಶ್ವದಾಖಲೆ ಮಾಡಿದರು. 10,000 ಮೀಟರನ್ನು 29 ನಿಮಿಷದೊಳಗೆ ಓಡಿದ ಮೊದಲಿಗರಾದರು. ಅಲ್ಲಿಂದಾಚೆ ಇಳಿಜಾರು. ಡಾನಾ ಅವರನ್ನು ಹೆಗಲ ಮೇಲೆ ಹೊತ್ತು ಓಡುವ ಅಭ್ಯಾಸದಲ್ಲಿ ಹರ್ನಿಯಾ ಆಗಿ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಪೂರ್ತಿ ವಾಸಿಯಾಗುವ ಮುಂಚೆಯೇ 1956ರ ಮೆಲ್ಬೋರ್ನ್ ಒಲಿಂಪಿಕ್ಸ್‌ನ ಮ್ಯಾರಥಾನ್‌ಗೆ ನಿಂತರು. ಆರನೆಯವರಾದರು. ಗೆದ್ದವರು ಯಾರು ಗೊತ್ತೇ? ಮಿಮೂನ್. ಅಲ್ಜೀರಿಯಾದಲ್ಲಿ ಹುಟ್ಟಿ, ಫ್ರಾನ್ಸಿನ ಪರವಾಗಿ ಯುದ್ಧದಲ್ಲಿ ಗಾಯಗೊಂಡು, ಎರಡು ಒಲಿಂಪಿಕ್ಸ್‌ಗಳಲ್ಲಿ ಎಮಿಲ್ ಅವರ ಬೆನ್ನನ್ನೇ ನೋಡುತ್ತ ಮೂರು ಬೆಳ್ಳಿ ಪಡೆದಿದ್ದ ಮಿಮೂನ್. ಗುರಿ ಮುಟ್ಟಿದ ಮೇಲೆ ಅವರು ಸಂಭ್ರಮಕ್ಕೆ ಹೋಗದೆ ಹಳೆಯ ಎದುರಾಳಿಗಾಗಿ ಅಲ್ಲೇ ನಿಂತು ಕಾದರು. ಮಂಕಾಗಿ ಬಂದು ಕುಸಿದ ಎಮಿಲ್ ಅವರಿಗೆ ತಾನು ಗೆದ್ದದ್ದನ್ನು ತಿಳಿಸಿದರು. ಎಮಿಲ್ ಎದ್ದು, ತಲೆಯ ಟೋಪಿ ತೆಗೆದು, ಸೈನಿಕನಂತೆ ಸೆಲ್ಯೂಟ್ ಹೊಡೆದು ಅವರನ್ನು ತಬ್ಬಿಕೊಂಡರು. ಆ ಅಪ್ಪುಗೆ ತನಗೆ ಚಿನ್ನಕ್ಕಿಂತ ದೊಡ್ಡದೆಂದು ಮಿಮೂನ್ ಸಾಯುವ ತನಕ ಹೇಳುತ್ತಿದ್ದರು.

ಇನ್ನೊಂದು ಘಟನೆಯನ್ನೂ ಇಲ್ಲಿಯೇ ಹೇಳಬೇಕು. ಆಸ್ಟ್ರೇಲಿಯಾದ ರಾನ್ ಕ್ಲಾರ್ಕ್ 1960ರ ದಶಕದಲ್ಲಿ ವಿಶ್ವದಾಖಲೆಗಳ ರಾಶಿಯನ್ನೇ ಹಾಕಿದವರು, ಆದರೆ ಒಲಿಂಪಿಕ್ ಚಿನ್ನ ಅವರ ಹಣೆಯಲ್ಲಿ ಬರೆದಿರಲಿಲ್ಲ. 1966ರಲ್ಲಿ ಅವರು ಪ್ರಾಗ್ ನಗರಕ್ಕೆ ಬಂದಾಗ ಎಮಿಲ್ ಬೀಳ್ಕೊಡುತ್ತ ಒಂದು ಪುಟ್ಟ ಪೊಟ್ಟಣವನ್ನು ಕೈಗಿತ್ತರು. ಯಾವುದೋ ಗುಟ್ಟಿನ ಕಾಗದ ದೇಶದಾಚೆ ಸಾಗಿಸಲು ಕೊಟ್ಟಿರಬೇಕೆಂದು ಕ್ಲಾರ್ಕ್ ಹೆದರಿದರು. ವಿಮಾನ ಹಾರಿದ ಮೇಲೆ ಬಿಚ್ಚಿ ನೋಡಿದರೆ, ಹೆಲ್ಸಿಂಕಿಯ 10,000 ಮೀಟರ್ ಚಿನ್ನದ ಪದಕ. ಅದರ ಮೇಲೆ ಕ್ಲಾರ್ಕ್ ಅವರ ಹೆಸರನ್ನು ಕೆತ್ತಿಸಿತ್ತು.

ಇಲ್ಲಿಗೆ ಮುಗಿಸಿದ್ದರೆ ಶಾಲೆಯ ಭಾಷಣಕ್ಕೆ ಒಪ್ಪುವ ಕತೆಯಾಗುತ್ತಿತ್ತು. ನಮ್ಮ ಡ್ರಿಲ್ ಮಾಸ್ತರರೂ ಇಲ್ಲಿಗೇ ನಿಲ್ಲಿಸುತ್ತಿದ್ದರು. ಆದರೆ 1968 ಬಾಕಿ ಇದೆ.

ಆ ವರ್ಷದ ವಸಂತದಲ್ಲಿ ಝೆಕೊಸ್ಲೊವಾಕಿಯಾದ ಹೊಸ ನಾಯಕರು ಬಿಗಿಯನ್ನು ಸ್ವಲ್ಪ ಸಡಿಲಿಸಿದರು. ಪತ್ರಿಕೆಗಳಿಗೆ ಬಾಯಿ ಬಂತು. ಸುಧಾರಣೆ ನಿಲ್ಲಬಾರದೆಂದು ಒತ್ತಾಯಿಸಿ ಜೂನ್‌ನಲ್ಲಿ ಹೊರಬಂದ ಪ್ರಸಿದ್ಧ ಮನವಿಗೆ ಎಮಿಲ್ ಮತ್ತು ಡಾನಾ ಇಬ್ಬರೂ ಸಹಿ ಹಾಕಿದರು. ಆಗಸ್ಟ್ 21ರಂದು ಸೋವಿಯತ್ ಟ್ಯಾಂಕುಗಳು ಪ್ರಾಗ್‌ಗೆ ನುಗ್ಗಿದವು. ನಲವತ್ತೈದರ ಹರೆಯದ ಕರ್ನಲ್ ಝಾಟೊಪೆಕ್ ನಗರದ ನಡುವಿನ ಚೌಕಕ್ಕೆ ಹೋಗಿ, ಜನರ ನಡುವೆ ನಿಂತು ಆ ದಾಳಿಯ ವಿರುದ್ಧ ಮಾತಾಡಿದರು. ಮುಂಬರುವ ಮೆಕ್ಸಿಕೊ ಒಲಿಂಪಿಕ್ಸ್‌ನಿಂದ ಸೋವಿಯತ್ ಒಕ್ಕೂಟವನ್ನು ಹೊರಗಿಡಬೇಕೆಂದು ಬಹಿರಂಗವಾಗಿ ಕರೆ ಕೊಟ್ಟರು.

ಶಿಕ್ಷೆ ನಿಧಾನವಾಗಿ ಬಂತು, ಆದರೆ ಪೂರ್ತಿಯಾಗಿ ಬಂತು. ಪಕ್ಷದಿಂದ ಹೊರಹಾಕಿದರು. ಸೈನ್ಯದಿಂದ ತೆಗೆದರು. ದೇಶದ ಅತಿ ದೊಡ್ಡ ಹೆಸರಿನ ಮನುಷ್ಯನಿಗೆ ಕೆಲಸ ಕೊಡಲು ಎಲ್ಲರೂ ಹೆದರಿದರು. ಕೊನೆಗೆ ಭೂಗರ್ಭ ಶೋಧನೆಯ ಸಂಸ್ಥೆಯೊಂದರಲ್ಲಿ ನೆಲ ಕೊರೆಯುವ ತಂಡದ ಕೂಲಿಯಾದರು. ಊರೂರು ತಿರುಗುವ ಕೆಲಸ, ಗಾಲಿ ಮೇಲಿನ ಗೂಡಿನಂಥ ಮನೆಯಲ್ಲಿ ಕೆಲಸಗಾರರೊಂದಿಗೆ ವಾಸ. ವಾರದ ಕೊನೆಗೆ ಸಾಧ್ಯವಾದರೆ ಪ್ರಾಗ್‌ನಲ್ಲಿರುವ ಹೆಂಡತಿಯನ್ನು ನೋಡಲು ಬರುವುದು. ಹೀಗೆ ವರ್ಷಗಳು ಕಳೆದವು.

ಈ ಕಾಲದ ಬಗ್ಗೆ ಹೊರದೇಶಗಳಲ್ಲಿ ಒಂದು ಕತೆ ಹಬ್ಬಿತು, ಇಂದಿಗೂ ಎಷ್ಟೋ ಕಡೆ ಅಚ್ಚಾಗುತ್ತದೆ. ಅವರನ್ನು ಯುರೇನಿಯಂ ಗಣಿಗೆ ಹಾಕಿದ್ದರು ಎಂದು. ಅದು ನಿಜವಲ್ಲ. ಯುರೇನಿಯಂ ಗಣಿಯಲ್ಲಿ ದುಡಿದವರು ಬೇರೆ. ಯಾನ್ ಹಾಲುಝಾ. ಹೌದು, ಝ್ಲಿನ್‌ನಲ್ಲಿ ಓಟದ ಅಕ್ಷರಾಭ್ಯಾಸ ಮಾಡಿಸಿದ ಅದೇ ಗುರು. ಪಕ್ಷ ಅಧಿಕಾರ ಹಿಡಿದ 1948ರಲ್ಲೇ ಅವರನ್ನು ಬಂಧಿಸಿ ಆರು ವರ್ಷಗಳ ಶಿಕ್ಷೆ ಕೊಟ್ಟಿದ್ದರು. ಶಿಷ್ಯ ಹೆಲ್ಸಿಂಕಿಯಲ್ಲಿ ಹೆಗಲ ಮೇಲೇರಿ ಮೆರೆದ ದಿನ ಗುರು ಕೈದಿಯಾಗಿದ್ದರು. ಜಗತ್ತು ತನಗೆ ಹೆಸರು ಗೊತ್ತಿದ್ದವನ ಲೆಕ್ಕಕ್ಕೆ ಹೆಸರು ಗೊತ್ತಿಲ್ಲದವನ ಕಷ್ಟವನ್ನೂ ಬರೆದುಕೊಂಡಿತು.

1971ರಲ್ಲಿ ಪಕ್ಷದ ಪತ್ರಿಕೆಯಲ್ಲಿ ಎಮಿಲ್ ಝಾಟೊಪೆಕ್ ಹೆಸರಿನಲ್ಲಿ ಒಂದು ಹೇಳಿಕೆ ಬಂತು. 1968ರಲ್ಲಿ ತಾನು ಆಡಿದ್ದು ತಪ್ಪಾಯಿತು ಎಂಬುದು ಅದರ ಸಾರ. ಅವರನ್ನು ದೇವರೆಂದು ನಂಬಿದ್ದವರಲ್ಲಿ ಎಷ್ಟೋ ಜನರಿಗೆ ಇದನ್ನು ಕ್ಷಮಿಸಲಾಗಲಿಲ್ಲ. ಸಹಿ ಹಿಂದೆ ತೆಗೆಯದೆ ಕೆಲಸ, ಮನೆ, ಮಕ್ಕಳ ಓದು ಎಲ್ಲ ಕಳೆದುಕೊಂಡ ಸಾಮಾನ್ಯರು ಆ ದೇಶದಲ್ಲಿ ಬೇಕಾದಷ್ಟಿದ್ದರು. ಅವರ ಸಿಟ್ಟು ಸುಳ್ಳಲ್ಲ. ನಾವೂ ಈ ಲೇಖನಕ್ಕಾಗಿ ಓದುತ್ತ ಈ ಪುಟಕ್ಕೆ ಬಂದಾಗ ಸ್ವಲ್ಪ ಹೊತ್ತು ಪುಸ್ತಕ ಕೆಳಗಿಟ್ಟೆವು. ನೂರನೆಯ ಸುತ್ತನ್ನೂ ಓಡಿ ಮುಗಿಸುತ್ತಿದ್ದ ಮನುಷ್ಯ ಇಲ್ಲಿ ನಡುವೆ ನಿಂತುಬಿಟ್ಟರೇ ಎಂದು ಒಂದು ಮನಸ್ಸು. ಮೈದಾನದ ಸುತ್ತುಗಳಿಗೆ ಲೆಕ್ಕವಿರುತ್ತದೆ, ಎಲ್ಲಿ ಮುಗಿಯುತ್ತದೆಂದು ಓಡುವವನಿಗೆ ಗೊತ್ತಿರುತ್ತದೆ. ಐವತ್ತರ ಹತ್ತಿರ ಬಂದ ಕೂಲಿಗೆ ತನ್ನ ಶಿಕ್ಷೆ ಎಲ್ಲಿ ಮುಗಿಯುತ್ತದೆಂದು ಯಾರು ಹೇಳಿದ್ದರು ಎಂದು ಇನ್ನೊಂದು ಮನಸ್ಸು. ಎರಡನ್ನೂ ನಿಮ್ಮ ಮುಂದೆ ಇಟ್ಟಿದ್ದೇವೆ. ಒಂದು ಮಾತ್ರ ಹೇಳಬಹುದು. ಯುಂಗ್‌ವಿರ್ತ್‌ಗಾಗಿ ಪಟ್ಟು ಹಿಡಿದವರೂ, ಚೌಕದಲ್ಲಿ ಮಾತಾಡಿದವರೂ, ಆ ಹೇಳಿಕೆಗೆ ತಲೆಬಾಗಿದವರೂ ಒಬ್ಬರೇ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಅಳಿಸಲು ಬರುವುದಿಲ್ಲ.

ಕೊರೆಯುವ ಕೆಲಸದಿಂದ ಬಿಡಿಸಿ ಆಮೇಲೆ ಅವರನ್ನು ಪ್ರಾಗ್‌ಗೆ ಕರೆಸಿಕೊಂಡರು. ಹಲವು ಭಾಷೆ ಬಲ್ಲವರಾದ್ದರಿಂದ ಹೊರದೇಶದ ಕ್ರೀಡಾ ಪತ್ರಿಕೆಗಳನ್ನು ಓದಿ ಟಿಪ್ಪಣಿ ಮಾಡುವ ಗುಮಾಸ್ತೆಯ ಕೆಲಸ. ಅಲ್ಲಿಂದಲೇ ನಿವೃತ್ತರಾದರು. 1989ರಲ್ಲಿ ಪಕ್ಷದ ಆಡಳಿತ ಉರುಳಿತು. 1990ರಲ್ಲಿ ಹೊಸ ಸರ್ಕಾರ ಅವರ ಸೈನ್ಯದ ಗೌರವವನ್ನು ಮರಳಿಸಿತು. 2000ದ ನವೆಂಬರಿನಲ್ಲಿ, 78ರ ವಯಸ್ಸಿನಲ್ಲಿ, ಪ್ರಾಗ್‌ನಲ್ಲಿ ತೀರಿಕೊಂಡರು. ಅಂತಿಮ ನಮನ ನಡೆದದ್ದು ದೇಶದ ರಾಷ್ಟ್ರೀಯ ರಂಗಮಂದಿರದಲ್ಲಿ. ಗುರು ಹಾಲುಝಾ ಶಿಷ್ಯನಿಗಿಂತ ಹನ್ನೊಂದು ವರ್ಷ ಹೆಚ್ಚು ಬದುಕಿ 2011ರಲ್ಲಿ ಹೋದರು. ಡಾನಾ 2020ರ ಮಾರ್ಚ್‌ವರೆಗೂ ಇದ್ದರು, ಆಗ ಅವರಿಗೆ 97.

ಎಮಿಲ್ ಅವರ ಸಮಾಧಿ ಇರುವುದು ರೊಝ್ನೊವ್ ಎಂಬ ಬೆಟ್ಟದ ತಪ್ಪಲಿನ ಊರಿನಲ್ಲಿ. ಅವರ ಹುಟ್ಟೂರು ಕೊಪ್ರಿವ್ನಿತ್ಸೆಯಿಂದ ಅಲ್ಲಿಗೆ ಸುಮಾರು 22 ಕಿಲೋಮೀಟರ್. ಆ ಭಾಗದ ಜನ ಅವರ ನೆನಪಿಗೆ ವರ್ಷಕ್ಕೊಮ್ಮೆ ಓಟವೊಂದನ್ನು ನಡೆಸುತ್ತಾರೆ. ಹುಟ್ಟೂರಿನಲ್ಲಿ ಶುರುವಾಗುವ ಆ ಓಟ ಗುಡ್ಡ ಹತ್ತಿ ಇಳಿದು ರೊಝ್ನೊವ್‌ನಲ್ಲಿ ಮುಗಿಯುತ್ತದೆ.